ಜುಲೈ 1: ಈ ತಾರೀಕು ಬರೆದವರು ಯಾರು?

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಸಂತೋಷ. ಬಾಗಿಲ ಬಳಿ ಬಕೆಟ್ ತುಂಬ ಕೊಡೆಗಳು ಉಂಟು. ಹೋಗುವಾಗ ನಿಮ್ಮದೇ ಹೌದಾ ಅಂತ ನೋಡಿ ತೆಗೆದುಕೊಳ್ಳಿ, ಎಲ್ಲವೂ ಕಪ್ಪೇ.

ಇವತ್ತಿನ ತಾರೀಕಿನ ಬಗ್ಗೆ ಮಾತಾಡಿ ಅಂತ ನನಗೆ ಹೇಳಿದ್ದಾರೆ. ಅದಕ್ಕೆ ಮೊದಲು ನನ್ನ ತಾರೀಕಿನ ಕತೆ ಹೇಳುತ್ತೇನೆ. ದಾಖಲೆ ಪ್ರಕಾರ ನಾನು ಹುಟ್ಟಿದ್ದು ಜೂನ್ 1. ನಗಬೇಡಿ ಮಾರಾಯ್ರೆ, ಇಲ್ಲಿ ಐವತ್ತು ದಾಟಿದವರಲ್ಲಿ ಎಷ್ಟು ಜನರದ್ದು ಅದೇ ಅಂತ ನನಗೆ ಗೊತ್ತು. ಶಾಲೆಗೆ ಸೇರಿಸುವಾಗ ಹೆಡ್ಮಾಸ್ಟರು ಕೇಳಿದ್ದಕ್ಕೆ ಅಮ್ಮ, "ನೆರೆ ಬಂದ ವರ್ಷ, ಕಾರ್ತೆಲ್‌ನಲ್ಲಿ" ಅಂದರಂತೆ. ನೆರೆ ಅಂದರೆ 1974ರ ನೇತ್ರಾವತಿ ನೆರೆ. ತುಳುವರ ಕಾರ್ತೆಲ್ ತಿಂಗಳು ಶುರುವಾಗುವುದೇ ಜೂನ್ ಅರ್ಧ ಕಳೆದ ಮೇಲೆ. ಜೂನ್ 1 ಅದರೊಳಗೆ ಬರುವುದೇ ಇಲ್ಲ! ಆದರೆ ಮಾಷ್ಟ್ರಿಗೆ ಶಾಲೆ ಶುರುವಾಗುವ ತಾರೀಕು ಸುಲಭ. ಬರೆದೇಬಿಟ್ಟರು. ಇವತ್ತಿಗೂ ಬ್ಯಾಂಕಿನವರು ಜೂನ್ 1ಕ್ಕೆ ನನಗೆ ಶುಭಾಶಯ ಕಳಿಸುತ್ತಾರೆ.

ಒಂದೇ ತಾರೀಕಿನಲ್ಲಿ ಎಷ್ಟೆಲ್ಲ ನಡೆದಿದೆ ಅಂತ ನಾವು ಬೆರಗಾಗುತ್ತೇವೆ. ಸ್ವಲ್ಪ ಕೆದಕಿದರೆ ಹೆಚ್ಚಿನವುಗಳ ಹಿಂದೆ ಇಂಥ ಒಬ್ಬ ಹೆಡ್ಮಾಸ್ಟರು ಕೂತಿರುತ್ತಾನೆ.

ನಮ್ಮೂರಿನದ್ದೇ ನೋಡಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ. ಸಂಪಾದಕರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಅಚ್ಚುಮೊಳೆ ಜೋಡಿಸಿದ್ದಲ್ಲ, ಕಲ್ಲಚ್ಚು. ಜಿಡ್ಡಿನ ಶಾಯಿಯ ಬರಹವನ್ನು ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ಒದ್ದೆ ಮಾಡುತ್ತಾರೆ. ಮತ್ತೆ ಎಣ್ಣೆಶಾಯಿಯ ರೋಲರ್ ಉರುಳಿಸಿದರೆ ನೀರಿದ್ದಲ್ಲಿ ಶಾಯಿ ಹಿಡಿಯುವುದಿಲ್ಲ, ಬರಹಕ್ಕೆ ಮಾತ್ರ ಅಂಟುತ್ತದೆ. ಮೇಲೆ ಕಾಗದ ಇಟ್ಟು ಒತ್ತಬೇಕು. ಒಂದೊಂದು ಹಾಳೆಗೂ ಇಷ್ಟು ಕೆಲಸ. ಅದೂ ಜುಲೈಯಲ್ಲಿ, ನಮ್ಮ ಊರಿನಲ್ಲಿ! ಹಪ್ಪಳವೇ ಒಣಗದ ತಿಂಗಳು. ಆ ಹಾಳೆಗಳನ್ನು ಎಲ್ಲಿ ಒಣಗಿಸಿದರೋ ಅಂತ ನಾನು ಪ್ರತಿ ವರ್ಷ ಯೋಚಿಸುತ್ತೇನೆ. ಅರ್ಜೆಂಟಿಲ್ಲದಿದ್ದರೆ ಯಾರೂ ಮಳೆಗಾಲದಲ್ಲಿ ಪತ್ರಿಕೆ ಶುರು ಮಾಡುವುದಿಲ್ಲ ಅಂತ ನನ್ನ ಗುಮಾನಿ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಹೆಸರಿನಿಂದ ಮಂಗಳೂರು ಹೋಯಿತು, ತಾರೀಕು ಮಾತ್ರ ಪತ್ರಿಕಾ ದಿನವಾಗಿ ಉಳಿಯಿತು.

ಇದೇ ಊರಿನಲ್ಲಿ 1906ರ ಜುಲೈ 1ರಂದು ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಈಗಿನ ಕೆನರಾ ಬ್ಯಾಂಕ್. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಶುರುವಾದದ್ದು 1955ರ ಜುಲೈ 1ಕ್ಕೆ, ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಇದರಲ್ಲಿ ಗ್ರಹಗತಿ ಏನೂ ಇಲ್ಲ. ಲೆಕ್ಕದವರಿಗೆ ತಿಂಗಳ ಒಂದನೇ ತಾರೀಕು ಬೇಕು, ವರ್ಷದ ಅರ್ಧ ಆದರೆ ಇನ್ನೂ ಒಳ್ಳೆಯದು. ಹಾಂಗ್‌ಕಾಂಗ್ ಚೀನಾಕ್ಕೆ ವಾಪಸಾದದ್ದು 1997ರ ಜುಲೈ 1ರಂದು. ಯಾಕೆ ಅಂದೇ? ಅಲ್ಲಿನ ದೊಡ್ಡ ಭಾಗವನ್ನು ಬ್ರಿಟಿಷರು 1898ರ ಜುಲೈ 1ರಿಂದ 99 ವರ್ಷಕ್ಕೆ ಗೇಣಿಗೆ ಪಡೆದಿದ್ದರು. ಗೇಣಿ ಚೀಟಿನ ಅವಧಿ ಮುಗಿಯಿತು, ಅಷ್ಟೇ. ಹಿಂದಿನ ಸಂಜೆ ಬ್ರಿಟಿಷರ ಬೀಳ್ಕೊಡುಗೆಗೂ ಧಾರಾಕಾರ ಮಳೆ.

ಆದರೆ ಕೆಲವು ತಾರೀಕುಗಳು ಯಾರ ಲೆಕ್ಕಕ್ಕೂ ಸಿಗದೆ ಜಾರಿ ಬಂದು ಇಲ್ಲಿ ಬಿದ್ದಿವೆ. 1858ರಲ್ಲಿ ಲಂಡನ್ನಿನಲ್ಲಿ ಜೀವವಿಜ್ಞಾನಿಗಳ ಸಂಘವಾದ ಲಿನಿಯನ್ ಸೊಸೈಟಿಯ ಸಭೆ ಜೂನ್ 17ಕ್ಕೆ ಆಗಬೇಕಿತ್ತು. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ತೀರಿಕೊಂಡರು, ಸಭೆ ಜುಲೈ 1ಕ್ಕೆ ಹೋಯಿತು. ಆ ಎಡೆಯಲ್ಲಿ ಡಾರ್ವಿನ್‌ಗೆ ವ್ಯಾಲೇಸ್ ಅನ್ನುವ ಇನ್ನೊಬ್ಬ ಜೀವವಿಜ್ಞಾನಿ ಬರೆದ ಪ್ರಬಂಧ ಬಂತು. ತಾನು ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದ ವಿಚಾರವೇ ಅದರಲ್ಲಿತ್ತು! ಸ್ನೇಹಿತರು ಇಬ್ಬರ ಬರಹವನ್ನೂ ಒಟ್ಟಿಗೆ ಓದಿಸಿದರು. ನಿಸರ್ಗದ ಆಯ್ಕೆಯಿಂದ ಜೀವಿಗಳು ಬದಲಾಗುತ್ತವೆ ಅನ್ನುವ ಇವರಿಬ್ಬರ ವಿಚಾರವನ್ನು ಲೋಕಕ್ಕೆ ಮೊದಲ ಸಲ ಹೇಳಿದ ಸಭೆ ಅದು. ಕೇಳಲು ಇದ್ದವರು ಸುಮಾರು ಮೂವತ್ತು ಜನ, ಈಗ ಇಲ್ಲಿರುವಷ್ಟೇ. ವ್ಯಾಲೇಸ್ ಇದ್ದದ್ದು ನ್ಯೂಗಿನಿಯಲ್ಲಿ, ಅವನಿಗೆ ಸಂಗತಿಯೇ ಗೊತ್ತಿಲ್ಲ. ಡಾರ್ವಿನ್ ಊರಿನಲ್ಲೇ ಇದ್ದ, ಬರಲಿಲ್ಲ. ಒಂದೂವರೆ ವರ್ಷದ ಮಗು ಸ್ಕಾರ್ಲೆಟ್ ಜ್ವರದಲ್ಲಿ ಹೋಗಿತ್ತು. ಅದನ್ನು ಮಣ್ಣು ಮಾಡಿದ್ದು ಅದೇ ದಿನ. ಆ ವರ್ಷ ದೊಡ್ಡ ಸಂಶೋಧನೆ ಏನೂ ಆಗಲಿಲ್ಲ ಅಂತ ಸೊಸೈಟಿಯ ಅಧ್ಯಕ್ಷರು ಆಮೇಲೆ ವರದಿ ಓದಿದರು.

ಇನ್ನೊಂದು ಜಾರಿದ್ದು ಮಳೆಯಿಂದ. 1916ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಫ್ರಾನ್ಸಿನ ಸೋಮ್ ನದಿಯ ಹತ್ತಿರ ಜರ್ಮನ್ನರ ಮೇಲೆ ಬ್ರಿಟಿಷರ ದೊಡ್ಡ ದಾಳಿ ಜೂನ್ 29ಕ್ಕೆ ನಿಗದಿಯಾಗಿತ್ತು. ಹವೆ ಕೆಟ್ಟಿತು, ಎರಡು ದಿನ ಮುಂದೆ ಹಾಕಿದರು. ಜುಲೈ 1 ಬೆಳಗ್ಗೆ ಒಳ್ಳೆ ಬಿಸಿಲು. ಏಳೂವರೆಗೆ ಸೀಟಿ ಊದಿದರು. ಕತ್ತಲಾಗುವಾಗ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240 ಮಂದಿ. ನ್ಯೂಫೌಂಡ್‌ಲ್ಯಾಂಡ್ ಅನ್ನುವ ದ್ವೀಪದ ಒಂದು ಪಡೆಯಲ್ಲಿ ಸುಮಾರು 800 ಜನ ಹೊರಟಿದ್ದರು. ಮರುದಿನ ಹಾಜರಿ ಕರೆದಾಗ ಓಗೊಟ್ಟವರು 68. ಹಲವರು ಮೀನುಗಾರರ ಮಕ್ಕಳು. ನಮ್ಮ ಮಲ್ಪೆ, ಬೋಳಾರದಲ್ಲಿ ಒಂದೇ ಬೆಳಗ್ಗೆ ಹೀಗಾದರೆ ಹೇಗಿರುತ್ತದೆ ಅಂತ ನೆನೆಸಿಕೊಳ್ಳಿ.

ಮಜಾ ಅಲ್ಲ, ವಿಚಿತ್ರ ಏನೆಂದರೆ ಕೆನಡಾ ದೇಶವಾದದ್ದೂ ಜುಲೈ 1ಕ್ಕೇ, 1867ರಲ್ಲಿ. ನ್ಯೂಫೌಂಡ್‌ಲ್ಯಾಂಡ್ 1949ರಲ್ಲಿ ಕೆನಡಾ ಸೇರಿತು. ಅವರಿಗೆ ಒಂದೇ ದಿನ ಅಳುವುದೂ ಉಂಟು, ಹಬ್ಬವೂ ಉಂಟು. ಅದಕ್ಕೆ ಅವರು ದಿನವನ್ನೇ ಪಾಲು ಮಾಡಿಕೊಂಡರು. ಮಧ್ಯಾಹ್ನದವರೆಗೆ ಬಾವುಟ ಅರ್ಧಕ್ಕೆ, ಮಧ್ಯಾಹ್ನ ಆದ ಮೇಲೆ ಪೂರ್ತಿ ಮೇಲಕ್ಕೆ.

ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ವೈದ್ಯ ಡಾ. ಬಿ. ಸಿ. ರಾಯ್ ಅವರನ್ನು ಬಿಟ್ಟರೆ ಡಾಕ್ಟರುಗಳು ಸಿಟ್ಟಾಗುತ್ತಾರೆ, ಅವರ ನೆನಪಿಗೇ ಇವತ್ತು ವೈದ್ಯರ ದಿನ. ಅವರು ಹುಟ್ಟಿದ್ದು 1882ರ ಜುಲೈ 1, ತೀರಿಕೊಂಡದ್ದು 1962ರ ಜುಲೈ 1. ಸರಿಯಾಗಿ ಎಂಬತ್ತು. ಇದಕ್ಕೆ ಯಾವ ಗುಮಾಸ್ತನೂ ಕಾರಣ ಅಲ್ಲ. ಸೋನಿ ವಾಕ್‌ಮನ್ ಜಪಾನಿನ ಅಂಗಡಿಗೆ ಬಂದದ್ದೂ ಜುಲೈ 1, 1979ರಲ್ಲಿ. ಹುಡುಗರಿಗೆ ಅದು ಎಂತ ಅಂತಲೇ ಗೊತ್ತಿರಲಿಕ್ಕಿಲ್ಲ. ನನ್ನ ಮಾವ ಗಲ್ಫಿನಿಂದ ಒಂದು ತಂದಿದ್ದರು. ಕಿವಿಗೆ ಸಿಕ್ಕಿಸಿಕೊಂಡು ನಾನು ಅಂಗಳದಲ್ಲಿ ಒಬ್ಬನೇ ನಗುತ್ತಾ ತಿರುಗುವುದನ್ನು ನೋಡಿ ಅಜ್ಜಿ ಹೆದರಿ ತೆಂಗಿನಕಾಯಿ ಇಳಿಸಿದ್ದರು.

ಗಂಟೆ ಐದೂವರೆ ಆಯಿತು, ಬಸ್ಸು ಹಿಡಿಯುವವರು ಇದ್ದೀರಿ. ಹೊರಗೆ ಚಹಾ, ಗೋಳಿಬಜೆ ಉಂಟು. ಜೂನ್ 1ರವರು ಯಾರಾದರೂ ಇದ್ದರೆ ಅಲ್ಲಿ ಸಿಗಿ. ನೀವು ನಿಜಕ್ಕೂ ಯಾವ ಮಳೆಯಲ್ಲಿ ಹುಟ್ಟಿದ್ದು ಅಂತ ಕೇಳಿ ಬರೆದುಕೊಳ್ಳಬೇಕು ನನಗೆ.