ಕಣ್ವತೀರ್ಥದ ಮರಳಿಗೆ ಒಂದು ಪೈಪು

ಮಂಜೇಶ್ವರದ ಕಣ್ವತೀರ್ಥದ ಕಡಲತೀರದಲ್ಲಿ ಮಧ್ಯಾಹ್ನ ಪಡುಗಾಳಿ ಏಳುವ ಹೊತ್ತಿನ ದೃಶ್ಯವಿದು. ಈ ಬಿಳಿ ಪೈಪು ನೀರಿಗಲ್ಲ, ಗಾಳಿ ಹೊತ್ತೊಯ್ಯುವ ಮರಳನ್ನು ಹಿಡಿದು ತೂಗುವುದಕ್ಕೆ. ಮುಂದಿನ ಸೀಳು ಗಾಳಿಗೆ ಮುಖ ಮಾಡಿದೆ. ಹಿಂದಿನ ಸೀಳಿಗೆ ಸಣ್ಣ ಕಣ್ಣಿನ ಜಾಲರಿ ಅಂಟಿಸಿದ್ದೇನೆ. ಗಾಳಿಗೆ ಹಿಂದಿನಿಂದ ದಾರಿಯಿಲ್ಲದಿದ್ದರೆ ಅದು ಪೈಪಿನ ಬಾಯಲ್ಲೇ ತಡೆದು ಮರಳನ್ನು ಪಕ್ಕಕ್ಕೆ ತಳ್ಳುತ್ತದೆ. ಪೈಪನ್ನು ಮರಳಿನಲ್ಲಿ ನೆಟ್ಟಗೆ ಹೂತಿದ್ದೇನೆ.

ಹೇಳಬೇಕಾದದ್ದು ಪೈಪಿನ ಬುಡದಲ್ಲಿ ಬಿದ್ದ ಹಳ್ಳದ ಸಂಗತಿ. ಸೀಳಿನ ಕೆಳತುಟಿ ಮರಳಿನ ಮಟ್ಟಕ್ಕೆ ಸರಿಯಾಗಿರಬೇಕೆಂದು ಅಂಗೈಯಿಂದ ಸವರಿ ಸವರಿ ಕೂರಿಸಿದ್ದೆ. ಕಾಲು ಗಂಟೆ ಕಳೆದು ಬಂದಾಗ ಬುಡದ ಸುತ್ತ ಎರಡು ಬೆರಳಷ್ಟು ಹಳ್ಳ ಬಿದ್ದು, ತುಟಿ ಮೇಲೆಯೇ ಉಳಿದಿತ್ತು. ತೆರೆ ಹಿಂದೆ ಸರಿಯುವಾಗ ನಮ್ಮ ಹಿಮ್ಮಡಿಯ ಅಡಿಯ ಮರಳು ಜಾರುವಂತೆಯೇ, ಪೈಪನ್ನು ಬಳಸಿ ಹೋಗುವ ಗಾಳಿ ಸುಳಿಯಾಗಿ ಬುಡವನ್ನು ಕೊರೆಯುತ್ತದೆ. ಇದನ್ನು ಸಣ್ಣ ತಪ್ಪೆಂದು ಬಿಡುವಂತಿಲ್ಲ. ಮರಳಿನ ಕಾಳುಗಳಲ್ಲಿ ಹೆಚ್ಚಿನವು ನೆಲಕ್ಕೆ ಹತ್ತಿರದಲ್ಲೇ ಕುಪ್ಪಳಿಸುತ್ತವೆ, ಅವು ಬಿದ್ದ ಪೆಟ್ಟಿಗೆ ದಪ್ಪ ಕಾಳುಗಳು ತೆವಳುತ್ತವೆ. ಲಿಬಿಯಾದ ಮರುಭೂಮಿಯನ್ನು ಸುತ್ತಿ, ಗಾಳಿಸುರಂಗದಲ್ಲಿ ಅಳೆದು, 1941ರಲ್ಲಿ ಅದನ್ನೆಲ್ಲ ಪ್ರಕಟಿಸಿದ ರಾಲ್ಫ್ ಬ್ಯಾಗ್ನಾಲ್ಡ್, ತೆವಳುವ ಪಾಲು ಒಟ್ಟಿನ ಕಾಲು ಭಾಗದಷ್ಟಿದೆ ಎಂದಿದ್ದರು. ಆ ಕಾಲು ಭಾಗ ನನ್ನ ಪೈಪಿಗೆ ಬೀಳದೆ ಹಳ್ಳಕ್ಕೆ ಬಿತ್ತು. ಬಲೆ ಸರಿಪಡಿಸುತ್ತ ಕುಳಿತಿದ್ದ ಅಜ್ಜರೊಬ್ಬರು, “ಎಂತ ಮಾರಾಯ, ಹೊಯಿಗೆ ಹಿಡಿದು ಮಾರುವುದಾ?” ಎಂದು ಕೇಳಿದರು, ಮಾರಿದ್ದರೆ ತಕ್ಕಡಿಗೆ ಕೊಟ್ಟ 480 ರೂಪಾಯಿಯಾದರೂ ಹುಟ್ಟುತ್ತಿತ್ತೇನೋ.

ಕಾಳಿನ ಬಡಿತವನ್ನು ಎಣಿಸುವ ಎಲೆಕ್ಟ್ರಾನಿಕ್ ಸೆನ್ಸರ್‌ಗಳು ದುಡ್ಡು ದಂಡವೆಂದು ಬೆಳಿಗ್ಗೆ ಹೇಳಿದ್ದೆ, ಆ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಬ್ಯಾಗ್ನಾಲ್ಡರ ಲೆಕ್ಕದಲ್ಲಿ ಮರಳಿನ ಸಾಗಾಟವು ಗಾಳಿಯ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗ ಇಮ್ಮಡಿಯಾದರೆ ಮರಳು ಎಂಟು ಪಟ್ಟಾಗುತ್ತದೆ. ಆದ್ದರಿಂದ ನಾಲ್ಕಾರು ಬಿರುಸಾದ ಬೀಸುಗಳೇ ಪೈಪಿನ ಹೆಚ್ಚಿನ ಪಾಲನ್ನು ತುಂಬಿಸಿರಬಹುದು. ಪೈಪು ಒಟ್ಟು ತೂಕವನ್ನಷ್ಟೇ ಕೊಡುತ್ತದೆ, ಅದು ಯಾವ ನಿಮಿಷದಲ್ಲಿ ಬಂತೆಂದು ಹೇಳುವುದಿಲ್ಲ. ಸೆನ್ಸರ್ ಸೆಕೆಂಡಿನ ಲೆಕ್ಕ ಕೊಡುತ್ತದೆ, ಆದರೆ ಆ ಎಣಿಕೆಯನ್ನು ಗ್ರಾಂಗೆ ತರಲು ಪಕ್ಕದಲ್ಲಿ ಇಂಥದೇ ಪೈಪು ಬೇಕು.

ಎರಡನೆಯ ಸಲ ಹೂತಾಗ ಐದೈದು ನಿಮಿಷಕ್ಕೇ ಪೈಪನ್ನು ತೆಗೆದು, ಬುಡವನ್ನು ಮತ್ತೆ ಮಟ್ಟಮಾಡಿದೆ. ತೂಗುವ ಮುನ್ನ ಮರಳನ್ನು ಬಾಣಲೆಯಲ್ಲಿ ಒಣಗಿಸಬೇಕು, ಇಲ್ಲದಿದ್ದರೆ ನೀರನ್ನೂ ತೂಗಿದಂತಾಗುತ್ತದೆ. ನಾಲ್ಕನೆಯ ಚೀಲ ಕಟ್ಟುವಷ್ಟರಲ್ಲಿ ತೆರೆ ಪೈಪಿನವರೆಗೆ ಏರಿ ಬಂದಿತ್ತು. ಒದ್ದೆ ಮರಳು ಗಾಳಿಗೆ ಏಳುವುದಿಲ್ಲವಾದ್ದರಿಂದ ಪೈಪನ್ನು ಕಿತ್ತೆ.