ಹಿಂದಿನ ಸೀಟಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬಹಳ ವರ್ಷ ಬ್ಯಾಂಕಿನಲ್ಲಿ ಕೂತು ಕಾರು ಸಾಲ ಕೊಟ್ಟವನು ನಾನು. ಸಾಲಕ್ಕೆ ಬಂದವರು "ಸಾರ್, ಏಳು ಸೀಟಿಂದೇ ಬೇಕು, ಎಲ್ಲರೂ ಒಟ್ಟಿಗೆ ಹೋಗಬೇಕಲ್ಲ" ಅನ್ನುತ್ತಿದ್ದರು. ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ ಅಂತ ಕೇಳಿದರೆ ಸುಮ್ಮನಾಗುತ್ತಿದ್ದರು. ಅಪರೂಪದ ಪ್ರವಾಸಕ್ಕೆ ದೊಡ್ಡ ಕಾರು ಕೊಳ್ಳಬೇಕಾ, ಬಾಡಿಗೆ ಗಾಡಿ ಸಾಲದಾ ಅನ್ನೋದೇ ಇವತ್ತಿನ ಮಾತು.

ನನ್ನ ಭಾಮೈದನ ಕಥೆ ಕೇಳಿ. ಮೈಸೂರಿನಲ್ಲಿದ್ದಾನೆ. ಮನೆಯಲ್ಲಿ ನಾಲ್ಕು ಜನ, ಊರಿಂದ ಅಪ್ಪ ಅಮ್ಮ ಬಂದರೆ ಆರು. ಅದಕ್ಕೆ 18 ಲಕ್ಷದ ಗಾಡಿ ತಗೊಂಡ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸೇ 17 ಪರ್ಸೆಂಟ್. ಮೂರು ಲಕ್ಷ ಅಲ್ಲೇ ಹೋಯ್ತು. ಮೊದಲ ವರ್ಷ ಧರ್ಮಸ್ಥಳ, ಕುಕ್ಕೆ, ಒಂದು ಮದುವೆ. ಆಮೇಲೆ ಹಿಂದಿನ ಸೀಟು ಮಡಚಿದ್ದು ಮಡಚಿದ ಹಾಗೇ, ಅದರ ಮೇಲೆ ತೆಂಗಿನಕಾಯಿ ಚೀಲ. ಅವರ ಬೀದಿ ಕಿರಿದು. ಗಾಡಿ ತೆಗೆಯೋದೇ ರಗಳೆ ಅಂತ ಆಫೀಸಿಗೂ ತರಕಾರಿಗೂ ಸ್ಕೂಟರ್. ನಿಂತೂ ನಿಂತೂ ಬ್ಯಾಟರಿ ಎರಡು ಸಲ ಇಳಿಯಿತು. ಒಂದು ದಿನ ಸ್ಟಾರ್ಟೇ ಆಗಲಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿದರೆ ವೈರೆಲ್ಲ ಇಲಿ ಕಡಿದಿದೆ, ಬ್ಯಾಟರಿ ಪಕ್ಕದಲ್ಲಿ ಅರ್ಧ ತಿಂದ ಚಕ್ಕುಲಿ! ಗೌರಿ ಹಬ್ಬದ್ದು. ನನ್ನ ಹೆಂಡತಿ ಅದನ್ನು ನೆನೆಸಿಕೊಂಡು ಈಗಲೂ ನಗುತ್ತಾಳೆ, ತಮ್ಮನ ಎದುರಿಗೆ ಮಾತ್ರ ಇಲ್ಲ.

ಈಗ ಲೆಕ್ಕ. 15 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 7 ವರ್ಷ. ತಿಂಗಳ ಕಂತು 24 ಸಾವಿರದ ಮೇಲೆ. ವರ್ಷಕ್ಕೆ ಹತ್ತಿರ ಹತ್ತಿರ ಮೂರು ಲಕ್ಷ. ಇನ್ಶೂರೆನ್ಸು, ಸರ್ವೀಸು, ಡೀಸೆಲ್ ಬೇರೆ. ಬಾಡಿಗೆ ಗಾಡಿಯವರು ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಕಿಲೋಮೀಟರ್ ಹಿಡಿಯುತ್ತಾರೆ. ಕಿಲೋಮೀಟರಿಗೆ 20 ರೂಪಾಯಿ ಅಂತಿಟ್ಟುಕೊಳ್ಳಿ, ಧರ್ಮಸ್ಥಳಕ್ಕೆ ಹೋಗಿ ಬರೋಕೆ ಎರಡು ದಿನ, 10 ಸಾವಿರ. ಡ್ರೈವರ್ ಬಾಟಾ, ಟೋಲ್ ಸೇರಿದರೆ 12 ಸಾವಿರ. ವರ್ಷಕ್ಕೆ ನಾಲ್ಕು ಸಲ ಹೋದರೂ ಅರ್ಧ ಲಕ್ಷ ಮುಟ್ಟಲ್ಲ! ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ? ಅಷ್ಟೇ ನೋಡಿ ಸ್ವಾಮಿ. ದಿನದ ಓಡಾಟಕ್ಕೆ ಸಣ್ಣ ಕಾರು ಸಾಕಲ್ವಾ?

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಹತ್ತು ಹನ್ನೆರಡು ಜನ ಇದ್ದರೆ ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಮಾಡಿ. ಪರಿಚಯದವರದು, ಕಮ್ಮಿಗೆ ಬರ್ತಾರೆ ಅಂತ ಬಿಳಿ ನಂಬರ್ ಬೋರ್ಡಿನ, ಅಂದರೆ ಸ್ವಂತ ಬಳಕೆಯ ಕಾರು ಬಾಡಿಗೆಗೆ ಹತ್ತಬೇಡಿ, ಅಪಘಾತವಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ. ಹಳದಿ ಬೋರ್ಡೇ ಆಗಬೇಕು. ಡ್ರೈವರ್ ಇಲ್ಲದೆ ಬಾಡಿಗೆಗೆ ತಗೊಂಡು ನೀವೇ ಓಡಿಸೋದಾದರೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಡ್ರೈವರ್ ಊಟದ ವಿಷಯ ಹೊರಡೋ ಮೊದಲೇ ಮಾತಾಡಿಕೊಳ್ಳಿ. ನಮಸ್ಕಾರ.