ಕಸ ಒಬ್ಬರದು, ಊರು ಇನ್ನೊಬ್ಬರದು

ಕೇಳುಗ ಬಂಧುಗಳಿಗೆ ನಮಸ್ಕಾರ.

ನಾನು ಬೆಂಗಳೂರಿನ ಹೊರಗಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ನಗರದ ಕಸ ಸುರಿಯುವ ಜಾಗ ನಮ್ಮೂರಿಗೆ ಕೂಗಳತೆ ದೂರ. ನೊಣದ ಕಾಟಕ್ಕೆ ಹಾಡಹಗಲೇ ಸೊಳ್ಳೆಪರದೆ ಕಟ್ಟಿ, ಮಕ್ಕಳನ್ನು ಅದರೊಳಗೆ ಕೂರಿಸಿ ಅನ್ನ ಸಾರು ಬಡಿಸುತ್ತಿದ್ದೆವು. ಊರಹಬ್ಬಕ್ಕೆ ಕರೆದರೆ ನೆಂಟರು ಏನಾದರೊಂದು ನೆಪ ಹೇಳುತ್ತಿದ್ದರು. ಬಂದವರೂ ಊಟ ಮುಗಿಸಿದ್ದೇ ಬಸ್ಸಿನ ಹೊತ್ತು ಕೇಳುತ್ತಿದ್ದರು.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಕೊಳವೆಬಾವಿಯ ನೀರು ಟೀ ಬಣ್ಣಕ್ಕೆ ತಿರುಗಿತು. ಹೆಂಗಸರೇ ಹದಿನಾಲ್ಕು ಜನ ಅರ್ಜಿ ಬರೆದುಕೊಂಡು ಹೊರಟೆವು. ಮೊದಲು ಹೋದ ಕಚೇರಿಯಲ್ಲಿ, “ಕಸ ನಮ್ಮದಲ್ಲಮ್ಮ, ಸಿಟಿಯವರದು, ಅವರನ್ನೇ ಕೇಳಿ” ಅಂದರು. ಎರಡು ಬಸ್ಸು ಬದಲಾಯಿಸಿ ಸಿಟಿಯ ಕಚೇರಿಗೆ ಹೋದರೆ, “ನಿಮ್ಮೂರು ನಮ್ಮ ವ್ಯಾಪ್ತಿಗೆ ಬರಲ್ಲ” ಅಂದರು. ಸಂಜೆ ಅದೇ ಅರ್ಜಿ ಹಿಡಿದು ಊರಿಗೆ ವಾಪಸು ಬಂದೆವು. ಬೆಂಗಳೂರಿನ ಸುತ್ತ ಕಸದ ಪಕ್ಕದಲ್ಲಿ ಬದುಕುವ ಹಳ್ಳಿಗಳ ಪಾಡೆಲ್ಲ ಆ ಎರಡು ಮಾತಿನ ನಡುವೆ ಸಿಕ್ಕಿಕೊಂಡಿದೆ.

ಈ ಕಥೆ ಹಳೆಯದು. ಯಲಹಂಕದ ಕಡೆಯ ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಆಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಗುಡ್ಡೆ ಬಿದ್ದದ್ದು ನಿಮಗೆ ನೆನಪಿರಬಹುದು. ಆ ಹೊರೆ ಹೊಸಕೋಟೆ ದಿಕ್ಕಿನ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನ ಜನ ರಸ್ತೆಯಲ್ಲಿ ಕೂತು ಲಾರಿ ತಡೆದರು, ನಿಷೇಧಾಜ್ಞೆಯನ್ನೂ ಎದುರಿಸಿದರು. ಆ ವರ್ಷದ ಕೊನೆಗೆ ಲಾರಿಗಳು ನಿಂತವು. ನಿಂತ ಲಾರಿಗಳು ಎಲ್ಲಿಗೆ ಹೋದವು? ಬೆಳ್ಳಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಕಲ್ಲು ತೆಗೆದು ಬಿಟ್ಟ ಕ್ವಾರಿ ಗುಂಡಿಗಳಿಗೆ. ಪಕ್ಕದಲ್ಲಿ ಅಲ್ಲೂ ಊರುಗಳಿದ್ದವು, ಕುಡಿಯುವ ನೀರಿನ ಬಾವಿಗಳಿದ್ದವು.

ದಿನಕ್ಕೆ 4,000 ಟನ್ನಿಗೂ ಹೆಚ್ಚು ಕಸ ಹೊರಹಾಕುವ ನಗರ ನಮ್ಮದು. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗದೆ ಕಲೆತು ಬಂದರೆ ರಾಶಿಯೊಳಗೆ ಕೊಳೆಯುತ್ತದೆ. ಮಳೆನೀರು ಮೇಲಿಂದ ಇಳಿದು, ಆ ಕೊಳೆಯನ್ನೆಲ್ಲ ಹೊತ್ತು ಕಪ್ಪಾಗಿ ಕೆಳಗೆ ಬಸಿಯುತ್ತದೆ. ನಾವು ಅದನ್ನು ಕಸದ ನೀರು ಅನ್ನುತ್ತೇವೆ. ಒಳಗೆ ಹುಟ್ಟುವ ಮೀಥೇನ್ ಅನಿಲಕ್ಕೆ ಬೇಸಿಗೆಯಲ್ಲಿ ಬೆಂಕಿ ಹತ್ತಿದರೆ ಬೇಗ ಆರುವುದಿಲ್ಲ. ರಾತ್ರಿಯೆಲ್ಲ ಹೊಗೆ. ಅಜ್ಜಂದಿರ ಕೆಮ್ಮು ಒಂದು ಮನೆಯಿಂದ ಇನ್ನೊಂದು ಮನೆಗೆ ಕೇಳುತ್ತಿರುತ್ತದೆ.

ಹೀಗಾಗಬಾರದೆಂದೇ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಎಲ್ಲವನ್ನೂ ವಿವರವಾಗಿ ಬರೆದಿದ್ದರು; 2026ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. 2016ರ ನಿಯಮಗಳಲ್ಲಿ ಇದ್ದದ್ದು ಹೀಗೆ: ಕಸ ಹೂಳುವ ಜಾಗ ಜನವಸತಿಯಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು. ದಿನದ ಕೆಲಸ ಮುಗಿದ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಮುಚ್ಚಬೇಕು, ಮಳೆಗಾಲಕ್ಕೆ ಮುಂಚೆ ಇನ್ನೂ ದಪ್ಪಗೆ. ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆಗಾಲದ ನಂತರ ಹೀಗೆ ಬೇರೆ ಬೇರೆ ಕಾಲದಲ್ಲಿ ಪರೀಕ್ಷಿಸಬೇಕು. ಜಾಗ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಅದನ್ನು ನೋಡಿಕೊಳ್ಳಬೇಕು. ಲಾರಿ ನಿಂತ ದಿನಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳುವ ಊರಿನವರು ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಮಣ್ಣು ಮುಚ್ಚುವುದು ಸಣ್ಣ ಕೆಲಸ ಅನ್ನಿಸಬಹುದು. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು, ಕೆಳಗಿನ ಮಂದಾರದ ಅಡಿಕೆ ತೆಂಗಿನ ತೋಟಗಳ ಮೇಲೆ ಹರಿದು ಬಂತು. ತಲೆತಲಾಂತರದಿಂದ ಅಲ್ಲಿದ್ದವರು ಮನೆ ಬಿಟ್ಟು ಗೃಹಮಂಡಳಿಯ ಫ್ಲ್ಯಾಟುಗಳಿಗೆ ಹೋಗಬೇಕಾಯಿತು. ಕಸವನ್ನು ಹೇಗೆ ರಾಶಿ ಹಾಕಿದ್ದಾರೆ, ಯಾವಾಗ ಮುಚ್ಚುತ್ತಾರೆ ಎನ್ನುವುದನ್ನು ಪಕ್ಕದವರು ಕೇಳಿದರೆ ಅದು ಜೀವದ ಪ್ರಶ್ನೆ.

ನಮ್ಮೂರು ಕಲಿತ ಒಂದು ಮಾತನ್ನು ಬೇರೆ ಊರುಗಳಿಗೂ ಹೇಳಬೇಕೆಂದೇ ನಾನು ಇವತ್ತು ಮೈಕಿನ ಮುಂದೆ ಕೂತಿದ್ದೇನೆ. ನಾವು ವರ್ಷಗಟ್ಟಲೆ ಒಂದೇ ಬೇಡಿಕೆ ಇಟ್ಟಿದ್ದೆವು: ಈ ರಾಶಿ ಎತ್ತಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಅದು ಈಡೇರಲು ವರ್ಷಗಳು ಹಿಡಿಯುತ್ತವೆ, ಅಲ್ಲಿಯವರೆಗೆ ನಲ್ಲಿ ನೀರು, ಬೀದಿದೀಪ, ಲಾರಿ ಓಡಾಡಿ ಕಿತ್ತುಹೋದ ರಸ್ತೆ, ತಿಂಗಳಿಗೊಮ್ಮೆ ವೈದ್ಯರು ಬಂದು ಮಕ್ಕಳ ಎದೆ ಪರೀಕ್ಷಿಸುವುದು, ಇವುಗಳನ್ನು ಕೇಳುವವರೇ ಇರುವುದಿಲ್ಲ. ಕೇಳಿದರೆ ಇವನ್ನೇ ಪರಿಹಾರ ಅಂತ ಒಪ್ಪಿಕೊಂಡು, ರಾಶಿ ಎತ್ತಿ ಅನ್ನುವ ಬೇಡಿಕೆ ಬಿಟ್ಟುಕೊಟ್ಟ ಹಾಗಾಗುತ್ತದೆಂದು ನಮ್ಮ ಗಂಡಸರು ಹೆದರುತ್ತಿದ್ದರು. ಆ ಹೆದರಿಕೆ ಬೇಡ. ನೀರು ನಮಗೆ ಸಲ್ಲಬೇಕಾದದ್ದು, ರಾಶಿ ಇದ್ದರೂ ಇಲ್ಲದಿದ್ದರೂ. ಕಸ ಯಾರದೋ ಅವರೇ ಶುದ್ಧ ನೀರಿನ ಖರ್ಚು ಹೊರಬೇಕು, ಹಂಚುವ ಕೆಲಸ ಪಂಚಾಯಿತಿ ಮಾಡಬೇಕು. ಎರಡೂ ಕಚೇರಿಯವರನ್ನು ಒಂದೇ ಮೇಜಿಗೆ ಕೂರಿಸುವುದು ಜಿಲ್ಲಾಡಳಿತದ ಕರ್ತವ್ಯ ಎಂಬುದು ನನ್ನ ಗಟ್ಟಿ ನಂಬಿಕೆ.

ಎರಡನೆಯ ಸಲ ನಾವು ಬೇರೆ ರೀತಿ ಹೋದೆವು. ಒಂದೇ ಉದ್ದನೆಯ ಅರ್ಜಿಯ ಬದಲು ನೀರಿಗೊಂದು, ರಸ್ತೆಗೊಂದು, ಆರೋಗ್ಯಕ್ಕೊಂದು ಬರೆದೆವು. ಒಂದೊಂದರ ಎರಡನೇ ಪ್ರತಿಯ ಮೇಲೂ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. “ನಮ್ಮ ವ್ಯಾಪ್ತಿಗೆ ಬರಲ್ಲ” ಅಂದಾಗ, “ಹಾಗಂತ ಹಿಂಬರಹ ಬರೆದುಕೊಡಿ ಸಾರ್” ಅಂತ ಕೇಳಿದೆವು. ಬಾಯಲ್ಲಿ ಸಲೀಸಾಗಿ ಬರುವ ಮಾತು ಕಾಗದದ ಮೇಲೆ ಅಷ್ಟು ಸಲೀಸಾಗಿ ಬರುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದನ್ನು ನಡವಳಿಯಲ್ಲಿ ಬರೆಸಿ, ಓದಿಸಿ ಕೇಳಿದೆವು. ನೀರಿನ ಪರೀಕ್ಷೆಯ ವರದಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಅದಕ್ಕೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಬಾಟಲಿಗೆ ನೀರು ತುಂಬುವಾಗ ಊರಿನವರು ಇಬ್ಬರು ಪಕ್ಕದಲ್ಲಿ ನಿಂತಿರಬೇಕು ಅಂತಲೂ ಬರೆದೆವು. ಯಾವ ಬಾವಿಯ ನೀರು ತುಂಬುತ್ತಾರೆ ಅನ್ನುವುದರ ಮೇಲೆ ವರದಿ ನಿಂತಿರುತ್ತದೆ.

ಈಗ ದಿನ ಬಿಟ್ಟು ದಿನ ಟ್ಯಾಂಕರ್ ಬರುತ್ತಿದೆ. ಬೀದಿದೀಪ ಅರ್ಧ ಊರಿಗೆ ಬಂದಿದೆ, ಕಾಲೊನಿಯ ಕಡೆಗೆ ಇನ್ನೂ ಇಲ್ಲ. ಬೇಸಿಗೆಯ ನೀರಿನ ವರದಿ ಕೈಗೆ ಸಿಕ್ಕಿದೆ. ಮಳೆಗಾಲದ್ದನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇವೆ.

ನಮಸ್ಕಾರ.